ಪಟ್ಟಿಯ ಮೇಲಿನ ಸಮಯ

2019ರ ಮಾರ್ಚ್ 12, ಮಂಗಳವಾರ. ಬೆಳಿಗ್ಗೆ 7.37ಕ್ಕೆ ಓಹಾಯೋ ನದಿ ದಡದ ಪುಟ್ಟ ಊರಿನ ಠಾಣೆಗೆ ಫೋನ್ ಬಂತು.

"ನನ್ನ ಮಗನಿಗೆ ಯಾರೋ ಗುಂಡು ಹೊಡೆದಿದ್ದಾರೆ. ಮನೆ ಹಿಂದಿನ ಹಳ್ಳದ ದಾರಿ. ಬೇಗ ಬನ್ನಿ."

ದೂರು ಕೊಟ್ಟವಳು ಮಾರ್ಲೀನ್ ರ್ಯಾಟ್ಲಿಫ್. ವೃದ್ಧಾಶ್ರಮದಲ್ಲಿ ದಾದಿ, ಹರೆಯದಲ್ಲಿ ಸೈನ್ಯದ ಗಾಯಾಳುಗಳ ಶುಶ್ರೂಷೆ ಮಾಡಿದ್ದವಳು.

ಇನ್‌ಸ್ಪೆಕ್ಟರ್ ಲೋರ್ನಾ ಪ್ರೂವಿಟ್ ಮತ್ತು ಕಾನ್‌ಸ್ಟೇಬಲ್ ಡೆಲ್ ಸ್ಕ್ಯಾಗ್ಸ್ 7.46ಕ್ಕೆ ಸ್ಥಳಕ್ಕೆ ತಲುಪಿದರು. ಇಪ್ಪತ್ತೆರಡರ ಕೋಲ್ಬಿ ಒದ್ದೆ ಎಲೆಗಳ ಮೇಲೆ ಬಿದ್ದು ಚೀರುತ್ತಿದ್ದ. ಗುಂಡು ಬಲಗಾಲಿನ ಮೀನಖಂಡವನ್ನು ಹಿಂದಿನಿಂದ ಸೀಳಿ, ಮೂಳೆ ಪುಡಿಮಾಡಿ ಮುಂದೆ ಹೊರಬಿದ್ದಿತ್ತು. ಬಿಳಿ ಚೂರುಗಳು ರಕ್ತದಲ್ಲಿ ಎದ್ದು ಕಾಣುತ್ತಿದ್ದವು. ತೊಡೆಗೆ ರಕ್ತ ತಡೆಯುವ ಪಟ್ಟಿ ಬಿಗಿದಿತ್ತು. ತಾಯಿ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಮಹಜರಿನಲ್ಲಿ ಸಿಕ್ಕಿದ್ದು ಆರು ಹೆಜ್ಜೆ ಆಚೆಯ ಮರದ ಹಿಂದೆ ಬಿದ್ದಿದ್ದ ಪಿಸ್ತೂಲಿನ ಒಂದು ಖಾಲಿ ತೋಟಾ. ಪಿಸ್ತೂಲು ಇರಲಿಲ್ಲ.

ಕೋಲ್ಬಿ ಗುರುವಾರ ಸೈನ್ಯದ ತರಬೇತಿಗೆ ಹೊರಡಬೇಕಿತ್ತು. ಮೂರು ವರ್ಷ ಸೇವೆ ಮಾಡಿದರೆ ಅವನ ಕಾಲೇಜು ಸಾಲ ಮೂವತ್ತೆಂಟು ಸಾವಿರ ಡಾಲರನ್ನು ಸೈನ್ಯವೇ ತೀರಿಸುತ್ತದೆಂದು ಕರಾರಿನಲ್ಲಿ ಬರೆಸಿಕೊಂಡಿದ್ದ.

"ಕೊನೇ ಗಳಿಗೇಲಿ ಪುಕ್ಕಲು ಹತ್ತಿ ತಾನೇ ಹೊಡ್ಕೊಂಡಿರ್ಬೇಕು ಮೇಡಂ," ಅಂದ ಸ್ಕ್ಯಾಗ್ಸ್. "ನಾನಾಗಿದ್ರೆ ಕುಣ್ಕೊಂಡು ಹೋಗ್ತಿದ್ದೆ. ಅರ್ಧಕ್ಕೆ ಬಿಟ್ಟ ಕಾಲೇಜಿಗೆ ಇನ್ನೂ ಕಂತು ಕಟ್ತಾ ಇದೀನಿ."

"ತನ್ನ ಮೀನಖಂಡಕ್ಕೆ ತಾನೇ ಹಿಂದಿಂದ, ಅದೂ ಆರು ಹೆಜ್ಜೆ ದೂರದಿಂದ ಹೊಡ್ಕೊಂಡ್ನಾ? ಎಷ್ಟುದ್ದ ಕೈಯಪ್ಪ ಅವನದು?"

11.20ಕ್ಕೆ ಶಸ್ತ್ರಚಿಕಿತ್ಸಕರು ಫೋನ್ ಮಾಡಿದರು. "ಕಾಲು ಉಳಿಯುತ್ತೆ. ಪಟ್ಟಿ ಕಟ್ಟಿದವರು ಪಳಗಿದ ಕೈ. ಕಟ್ಟಿದ ಸಮಯಾನೂ ಅದರ ಮೇಲೇ ಬರ್ದಿದ್ದಾರೆ, 7.31."

ಬಿಗಿದ ಪಟ್ಟಿ ಬಹಳ ಹೊತ್ತು ಉಳಿದರೆ ಕಾಲೇ ಕೊಳೆಯುತ್ತದೆ. ಅದಕ್ಕೇ ಸೈನ್ಯದವರು ಸಮಯ ಬರೆಯದೆ ಬಿಡುವುದಿಲ್ಲ. ಲೋರ್ನಾ ಠಾಣೆಯ ದಿನಚರಿ ತೆರೆದಳು. ಕರೆ ಬಂದದ್ದು 7.37ಕ್ಕೆ. ಪಟ್ಟಿ ಬಿಗಿದು ಆರು ನಿಮಿಷ ಆದ ಮೇಲೆ.

ಮೂರು ಗಂಟೆಗೆ ಮಾರ್ಲೀನ್‌ಳ ವಿಚಾರಣೆ.

"ಗುಂಡಿನ ಸದ್ದು ಕೇಳ್ದಾಗ ಎಲ್ಲಿದ್ರಿ?"

"ಅಡುಗೆಮನೇಲಿ. ಮೊಟ್ಟೆ ಹುರೀತಿದ್ದೆ."

"ಆಮೇಲೆ?"

"ಫೋನ್ ಮಾಡ್ಕೊಂಡೇ ಓಡಿದೆ. ಹೋಗಿ ಪಟ್ಟಿ ಬಿಗಿದೆ."

"ಫೋನ್ ಬಂದಿದ್ದು 7.37ಕ್ಕೆ. ಪಟ್ಟಿ ಮೇಲೆ 7.31 ಅಂತಿದೆ. ನಿಮ್ಮದೇ ಅಕ್ಷರ."

ಲೋರ್ನಾ ದಿನಚರಿಯನ್ನು ಮಾರ್ಲೀನ್‌ಳ ಕಡೆಗೆ ತಿರುಗಿಸಿಟ್ಟಳು.

"ಮೊಟ್ಟೆ ಹುರಿಯೋರ ಜೇಬಲ್ಲಿ ಆ ಪಟ್ಟಿ ಯಾಕಿತ್ತು ಮಾರ್ಲೀನ್? ಆ ಆರು ನಿಮಿಷ ಎಲ್ಲಿಗೆ ಹೋಗಿದ್ರಿ?"

"ಹಳ್ಳದ ಸೇತುವೆ ಕೆಳಗೆ. ಪಿಸ್ತೂಲು ಅಲ್ಲೇ ನೀರಲ್ಲಿದೆ."

"ಸಮಯ ಸುಳ್ಳು ಬರೀಬಹುದಿತ್ತಲ್ಲ?"

ಮಾರ್ಲೀನ್ ಅವಳನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಡಾಕ್ಟರು ಅದನ್ನ ನಂಬ್ಕೊಂಡು ಕೆಲಸ ಮಾಡ್ತಾರೆ ಕಣಮ್ಮ. ನಿಮ್ಗೆ ಸುಳ್ಳು ಹೇಳ್ಬಹುದು. ನನ್ನ ಮಗನ ಕಾಲಿಗೆ ಹೇಳಕ್ಕಾಗುತ್ತಾ?"

ಬಂಧನದ ಪತ್ರಕ್ಕೆ ಸಹಿ ಹಾಕುವ ಮುಂಚೆ ಮಾರ್ಲೀನ್ ಒಂದೇ ಒಂದು ಪ್ರಶ್ನೆ ಕೇಳಿದಳು.

"ಇನ್ನು ಸೈನ್ಯಕ್ಕೆ ತಗೋತಾರಾ ಅವನನ್ನ?"

"ಇಲ್ಲ. ಜೀವಮಾನಪೂರ್ತಿ ಕುಂಟ್ತಾನೆ."

ಅವಳು ನಿಟ್ಟುಸಿರು ಬಿಟ್ಟು ಎರಡೂ ಕೈ ಬೇಡಿಗೆ ಚಾಚಿದಳು.

ಸಂಜೆ ಪಿಸ್ತೂಲು ಸಿಕ್ಕಿತು. ಮನೆಯ ಅಡುಗೆಮನೆಯ ಖಾನೆಯಲ್ಲಿ ಒಂದು ಹಳೆಯ ಪತ್ರವೂ ಸಿಕ್ಕಿತು. ಹಿರಿಯ ಮಗ ಡಸ್ಟಿನ್ ಇದೇ ಕರಾರಿಗೆ ಸಹಿ ಹಾಕಿ ಹೋಗಿದ್ದವನು, ಎರಡನೇ ವರ್ಷವೇ ಶವಪೆಟ್ಟಿಗೆಯಲ್ಲಿ ಬಂದಿದ್ದ. ಸಾಲಗಾರ ಮೃತಪಟ್ಟಿರುವುದರಿಂದ ಉಳಿದ ಸಾಲ ಮನ್ನಾ ಮಾಡಲಾಗಿದೆ ಎಂದು ಪತ್ರದಲ್ಲಿತ್ತು.

ಹೇಳಿಕೆಯ ಕೊನೆಯಲ್ಲಿ ಮಾರ್ಲೀನ್ ಬರೆಸಿದ್ದು ಇಷ್ಟು: "ದೊಡ್ಡವನ ಸಾಲ ಸಾವು ತೀರಿಸ್ತು. ಇವನ ಸಾಲ ಇವನೇ ತೀರಿಸ್ಲಿ, ಕುಂಟ್ಕೊಂಡಾದ್ರೂ."

ಲೋರ್ನಾ ಅದನ್ನು ಹಾಗೇ ಬರೆದುಕೊಂಡು, ಕೆಳಗೆ ಸರಿಯಾದ ಸಮಯ ಹಾಕಿದಳು.