ಮೊಳೆ ಹೊಡೆದ ಸೀಸ

"ಅದನ್ನ ಬಿಚ್ಚಬೇಡ, ಗೌರವ್. ಇದ್ದಲ್ಲೇ ಇಟ್ಟು ಮಣ್ಣು ಮುಚ್ಚು."

ಅಚ್ಯುತ ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಹಾರ್ಬೋರ್ನ್ ಎಂಬ ಇಂಗ್ಲಿಷ್ ಊರಿನಲ್ಲಿ ಬಹಳ ವರ್ಷಗಳಿಂದ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್, ಆಗಿದ್ದ ಅವರಿಗೆ ಭಾನುವಾರವೆಂದರೆ ಮೆಟಲ್ ಡಿಟೆಕ್ಟರ್, ಸಲಿಕೆ, ಕೊಯ್ಲು ಮುಗಿದ ಯಾರದಾದರೂ ಹೊಲ. 2014ರ ಆ ಅಕ್ಟೋಬರಿನಲ್ಲಿ, ಪಕ್ಕದ ಎಜ್‌ಬಾಸ್ಟನ್ನಿನ ಆಸ್ಪತ್ರೆಗೆ ಮೂಳೆ ಸರ್ಜನ್ ಆಗಿ ಮೈಸೂರಿನಿಂದ ಹೊಸದಾಗಿ ಬಂದಿದ್ದ ಗೌರವ್‌ನನ್ನೂ ಜೊತೆಗೆ ಕರೆತಂದಿದ್ದರು. ಅವನು ಇಲ್ಲಿ ಮಾಡಬೇಕಿದ್ದ ಮೊದಲ ಆಪರೇಷನ್ ಮರುದಿನವೇ ಇತ್ತು.

ಡಿಟೆಕ್ಟರ್ ಕೂಗಿದಲ್ಲಿ ಅಗೆದಾಗ ಸಿಕ್ಕಿದ್ದು ಸೀಸದ ತಗಡು. ಕಾಗದದಂತೆ ಮಡಿಕೆಯ ಮೇಲೆ ಮಡಿಕೆ ಹಾಕಿ, ನಡುವೆ ಕಬ್ಬಿಣದ ಮೊಳೆ ಹೊಡೆದಿತ್ತು. ತುಕ್ಕಿನ ವಾಸನೆ, ಕೊಳೆತ ಎಲೆಯ ವಾಸನೆ, ಅದರಡಿಯಲ್ಲಿ ಹಸಿ ಮಾಂಸದ ವಾಸನೆ.

"ರೋಮನ್ನರ ಕಾಲದ್ದು ಕಣೋ. ಕದ್ದವನು ಯಾರು ಅಂತ ಗೊತ್ತಾಗದಿದ್ರೆ, ಮುಟ್ಟಿದ ಕೈ ಮಡಚಿಹೋಗಲಿ ಅಂತ ತಗಡಿನ ಮೇಲೆ ಶಾಪ ಬರೆದು ಹೂಳೋರು. ನಮ್ಮಲ್ಲಿ ದೆವ್ವಾನ ಮರಕ್ಕೆ ಮೊಳೆ ಹೊಡೆದು ಕೂರಿಸಲ್ವಾ, ಹಾಗೆ."

"ಮೂಳೆಯಿಂದ ಮೊಳೆ ಕೀಳೋದೇ ನನ್ನ ಹೊಟ್ಟೆಪಾಡು, ಸರ್," ಎಂದು ಗೌರವ್ ನಕ್ಕ. "ನೀವು ಪೇಷೆಂಟಿಗೂ ನಿಂಬೆಹಣ್ಣೇ ಮಂತ್ರಿಸಿ ಕೊಡ್ತೀರೇನು?"

ಡಾಕ್ಟರ ಚೀಲದಿಂದ ಇಕ್ಕಳ ತೆಗೆದು ಮೊಳೆಯನ್ನು ಜಗ್ಗಿದ. ಹಲ್ಲು ಕಿತ್ತ ಸದ್ದಿನೊಡನೆ ಮೊಳೆ ಹೊರಬಂತು. ಹೊಲದ ಕಾಗೆಗಳೆಲ್ಲ ಒಮ್ಮೆಲೇ ಸುಮ್ಮನಾದವು. ನಡುಮಧ್ಯಾಹ್ನದ ಬೆಳಕು ಬೂದಿ ಬಣ್ಣಕ್ಕೆ ತಿರುಗಿತು.

ತಗಡು ನೆಲಕ್ಕೆ ಬಿತ್ತು. ತಾನಾಗಿಯೇ ಒಂದು ಮಡಿಕೆ ಬಿಚ್ಚಿಕೊಂಡಿತು.

ಗೌರವ್‌ನ ಬಲಗೈ ಕಿರುಬೆರಳು ಹಿಂದಕ್ಕೆ ಮಡಚಿಕೊಂಡಿತು. ಟಕ್.

ಇನ್ನೊಂದು ಮಡಿಕೆ. ಇನ್ನೊಂದು ಬೆರಳು. ಟಕ್. ಮೂಳೆ ಚರ್ಮ ಸೀಳಿ ಹೊರಗೆ ಇಣುಕಿತು. ಅಂಗೈ ಎರಡಾಗಿ ಮಡಚಿತು. ರಕ್ತ ತೋಳಿಗೆ ಹರಿಯಿತು.

"ಮುಚ್ಚಿ ಸರ್! ಅದನ್ನ ಮುಚ್ಚಿ!"

ಅಚ್ಯುತ ತಗಡಿನ ಮೇಲೆ ಬೂಟು ಒತ್ತಿ ನಿಂತರು. ಅದು ಬೂಟನ್ನೇ ಎತ್ತಿತು.

ಮಣಿಕಟ್ಟು ಮುರಿಯಿತು. ಮುಂದೆ ಮೊಣಕೈ. ಭುಜ. ಕುತ್ತಿಗೆ. ಆ ಸರದಿಯನ್ನು ಗೌರವ್‌ಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಂಡಿಯೂರಿ, ತೋಳನ್ನು ಕಲ್ಲಿನ ಮೇಲಿಟ್ಟು, ಎಡಗೈ ಬೆರಳನ್ನು ರಕ್ತದಲ್ಲಿ ಅದ್ದಿ ಮಣಿಕಟ್ಟಿನ ಮೇಲ್ಗಡೆ ಗೆರೆ ಎಳೆದ.

"ಸಲಿಕೆ ತಗೊಳ್ಳಿ. ಇಲ್ಲಿ."

"ನಾಳೆ ನಿನ್ನ ಆಪರೇಷನ್ನು ಕಣೋ..."

"ಕಣ್ಣು ಮುಚ್ಚಬೇಡಿ, ಸರ್. ಗೆರೆ ತಪ್ಪುತ್ತೆ."

ಸಲಿಕೆ ಇಳಿಯಿತು. ಮೂಳೆ ಪೂರ್ತಿ ತುಂಡಾಗಲಿಲ್ಲ.

"ಇನ್ನೊಂದ್ಸಲ."

ಕೈ ಬಿತ್ತು. ಕೆಸರಿನಲ್ಲೂ ಮಡಚಿಕೊಳ್ಳುತ್ತಲೇ ಹೋಗಿ, ಬೆಂಕಿಪೊಟ್ಟಣದಷ್ಟಾಗಿ ನಿಂತಿತು. ಅಚ್ಯುತ ಅಳುತ್ತ ಬೆಲ್ಟ್ ಬಿಚ್ಚಿ ತೋಳಿಗೆ ಬಿಗಿದರು.

ಗೌರವ್ ಮೊಣಕೈಯನ್ನು ಒಮ್ಮೆ ಮಡಚಿ ನೋಡಿದ. ಬಿಡಿಸಿ ನೋಡಿದ. ಅದು ಅವನ ಮಾತು ಕೇಳಿತು.

ಆಮೇಲಷ್ಟೇ ಅವನು ಕಿರುಚಿದ.