ಮಜ್ಜೆಗಡಿಯಾರದ ಸಾಕ್ಷ್ಯ

ಬಾಗಿಲನ್ನು ಮೂರು ಸಲ ಬಡಿದ ಸದ್ದಾಯಿತು. ರಾತ್ರಿ ಹತ್ತೂವರೆ. ಡಾ. ನೀಲಾಂಬಿಕಾ ಹಿರೇಕುಂಬಿ ಮನೆಯ ಕದ ತೆರೆದಾಗ, ಮೆಟ್ಟಿಲ ಮೇಲೆ ನಿಂತಿದ್ದ ಹೆಂಗಸು ಎಡಗೈಯ ಬೆರಳೊಂದನ್ನು ಮುಂದೆ ಚಾಚಿದಳು.

“ಇನ್ನೊಮ್ಮೆ ಚುಚ್ಚಿ ನೋಡ್ರಿ.”

ಎಸ್ತರ್ ಗುಡಗೇರಿ, ಐವತ್ತಾರರ ನಿವೃತ್ತ ನರ್ಸ್. ಅಂದು ಬೆಳಿಗ್ಗೆಯಷ್ಟೇ ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ನೀಲಾಂಬಿಕಾ ಅವಳನ್ನು ದಾನಿಗಳ ಪಟ್ಟಿಯಿಂದ ತೆಗೆದುಹಾಕಿದ್ದರು. ರಕ್ತದ ಕ್ಯಾನ್ಸರಿನಿಂದ ಮಲಗಿದ್ದ ಎಸ್ತರಳ ತಮ್ಮ ದಾನಿಯೇಲನಿಗೆ ಹೊಂದುತ್ತಿದ್ದುದು ಅವಳೊಬ್ಬಳ ಅಸ್ಥಿಮಜ್ಜೆ. ಅವನಿಗೆ ಉಳಿದಿದ್ದುದು ಹೆಚ್ಚೆಂದರೆ ಹತ್ತು ದಿನ.

ಊಟದ ಡಬ್ಬಿಯಷ್ಟಿದ್ದ ಮಜ್ಜೆಗಡಿಯಾರ ಮೇಜಿನ ಮೇಲೆ ಸಣ್ಣಗೆ ಗುಂಯ್‌ಗುಟ್ಟಿತು. ಅದು ನೀಲಾಂಬಿಕಾರ ಹದಿನೆಂಟು ವರ್ಷಗಳ ದುಡಿಮೆ. ಮೂಳೆಯೊಳಗೆ ಕುಳಿತು ಜೀವಮಾನವಿಡೀ ಹೊಸ ರಕ್ತ ಹುಟ್ಟಿಸುವ ಆಕರಕೋಶಗಳಿಗೆ ಎಷ್ಟು ಮುಪ್ಪು ಬಂದಿದೆ ಎಂಬುದನ್ನು ಒಂದೇ ಹನಿ ರಕ್ತದಿಂದ ಅದು ಹೇಳುತ್ತಿತ್ತು. 2058ರ ಹೊತ್ತಿಗೆ ಅದರ ಮಾತು ಮೀರಿ ಯಾವ ಆಸ್ಪತ್ರೆಯೂ ಮಜ್ಜೆ ಕಸಿ ಮಾಡುತ್ತಿರಲಿಲ್ಲ.

ಪರದೆ ಬೆಳಗಿತು: ಎಂಬತ್ತನಾಲ್ಕು ವರ್ಷ.

“ನಿಮಗ ಕ್ಯಾನ್ಸರ್ ಆಗಿದ್ದನ್ನ ಯಾಕ ಮುಚ್ಚಿಟ್ಟೀರಿ, ಎಸ್ತರ್? ಕೀಮೋ ಔಷಧ ರೋಗ ಅಷ್ಟ ಕೊಲ್ಲೂದಿಲ್ಲ, ಮಜ್ಜೀಗೂ ಮುಪ್ಪು ತರ್ತದ.”

“ನೆಗಡಿ ಬಿಟ್ರ ನನಗ ಬ್ಯಾರೆ ರೋಗ ಬಂದಿಲ್ರೀ, ಮೇಡಂ. ನಿಮ್ಮ ಗಡಿಯಾರಕ್ಕ ಕೀಲಿ ಕೊಡೂದು ಮರ್ತೀರೇನು?”

ನೀಲಾಂಬಿಕಾ ನಗಲಿಲ್ಲ. ಒಂದೊಂದು ಔಷಧವೂ ಕೋಶದ ವಂಶತಂತುವಿನ ಮೇಲೆ ತನ್ನದೇ ಬಗೆಯ ಗಾಯ ಉಳಿಸುತ್ತದೆ. ಬೆಳಿಗ್ಗೆ ಬರೀ ಅಂಕಿ ನೋಡಿ ತೀರ್ಪು ಕೊಟ್ಟಿದ್ದ ಅವರು, ಈಗ ಆ ಗಾಯಗಳನ್ನು ಪದರ ಪದರವಾಗಿ ಬಿಡಿಸಿದರು. ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧ, 2026ರಿಂದ 2032ರವರೆಗೆ. ಆದರೆ ರೋಗಿಗೆ ಅದನ್ನು ಮೂರು ವಾರಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. ಇಲ್ಲಿ ಸಾಸಿವೆಯಷ್ಟು, ಹೆಚ್ಚುಕಡಿಮೆ ದಿನಾಲೂ, ಆರು ವರ್ಷ!

ಅವರ ಅನುಮಾನ ಬೇರೆ ದಿಕ್ಕಿಗೆ ಹೊರಳಿತು.

“ಯಾರೋ ನಿಮಗ ಈ ಔಷಧ ಚೂರುಚೂರ ಹಾಕ್ಯಾರ. ಮನ್ಯಾಗ ಯಾರಿದ್ರು?”

“ಗಂಡ. ಅವಗ ಚಾ ಮಾಡಾಕನ ಬರೂದಿಲ್ಲ, ವಿಷ ಎಲ್ಲಿಂದ ಹಾಕ್ಯಾನ!”

“ಆಗ ಕೆಲಸ ಎಲ್ಲಿ ಮಾಡ್ತಿದ್ರಿ?”

ಎಸ್ತರ್ ಅದನ್ನು ಕೈಯಿಂದಲೇ ತೋರಿಸಿದಳು. ಇಲ್ಲದ ಸಿರಿಂಜೊಂದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಉಗುರಿನಿಂದ ಎರಡು ಸಲ ತಟ್ಟಿ, ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿದಳು. ಗಾಳಿಗುಳ್ಳೆ ತೆಗೆಯಲು ನರ್ಸುಗಳೆಲ್ಲ ಕಲಿತ ಕೈಚಳಕ. ಹನಿ ಚಿಮ್ಮಬೇಕಿದ್ದ ಜಾಗವನ್ನು ಇಬ್ಬರೂ ನೋಡಿದರು.

“ಕೀಮೋ ವಾರ್ಡು. ದಿನಕ್ಕ ನಲವತ್ತು ಸಿರಿಂಜು.”

“ಗಾಳಿ ಹೀರೂ ಪೆಟ್ಟಿಗಿ ಒಳಗ ಔಷಧ ಕಲಸಬೇಕಿತ್ತಲ್ರೀ?”

“ಅದು ಕೆಟ್ಟಿತ್ತು. ಕಿಟಕಿ ತಗದು ಕಲಸ್ರಿ ಅಂತ ಗ್ವಾಡಿಗೆ ಆರ್ಡರ್ ಹಚ್ಚಿದ್ರು. ಎರಡು ವಾರ ಅಂದ್ರು. ಆರು ವರ್ಷ ಆತು.”

ನೀಲಾಂಬಿಕಾ ಥಟ್ಟನೆ ಎದ್ದರು. ದುಡಿಯುವ ಜಾಗದಲ್ಲಿ ಮಜ್ಜೆ ಕಳೆದುಕೊಂಡವರ ಒಡಹುಟ್ಟಿದವರಿಗೆ, ಇತರರು ವರ್ಷಗಟ್ಟಲೆ ಕಾಯುವ, ಪ್ರಯೋಗಾಲಯದಲ್ಲಿ ಬೆಳೆಸಿದ ಮಜ್ಜೆಯನ್ನು ಸರ್ಕಾರಿ ಮಜ್ಜೆ ನಿಧಿ ಮೊದಲ ಸರದಿಯಲ್ಲಿ ಕೊಡಬೇಕೆಂದು ಕಾನೂನಿತ್ತು. “ದಾನಿಯೇಲ ಉಳೀತಾನ! ಆ ಆರ್ಡರ್ ಹಾಕಿದ್ದು ಯಾರು? ಹೆಸರಿಲ್ಲದ ಅರ್ಜಿ ಮಜ್ಜೆ ನಿಧಿಯವರು ತಗೊಳ್ಳೂದಿಲ್ಲ.”

ಎಸ್ತರ್ ಚೀಲದಿಂದ ಬೈಬಲ್ ತೆಗೆದಳು. ಅದರೊಳಗಿನ ಹಳದಿಗಟ್ಟಿದ ಹಾಳೆಯನ್ನು ಮೇಜಿನ ಮೇಲೆ ಮಗುಚಿ ಇಟ್ಟಳು.

“ನನಗ ಬೆಳಿಗ್ಗೇನ ಸಂಶಯ ಬಂದಿತ್ರೀ. ನಿಮ್ಮ ಹುಡುಗರ ಮುಂದ ಇದನ್ನ ತಗಿಯಾಕ ಮನಸ್ಸಾಗಲಿಲ್ಲ. ಅದಕ್ಕ ಹೊತ್ತಲ್ಲದ ಹೊತ್ತಿನ್ಯಾಗ ಬಂದೆ.”

ನೀಲಾಂಬಿಕಾ ಹಾಳೆ ತಿರುವಿದರು. ಅದೇ ಆರ್ಡರ್, 14 ಮಾರ್ಚ್ 2026. ಬಲಕ್ಕೆ ವಾಲಿದ, ಅವಸರದ ಬರಹ. ಫಿನಾಯಿಲ್ ವಾಸನೆಯ ಆ ಕೋಣೆ, ತೆರೆದ ಕಿಟಕಿ, ಮರುವಾರವೇ ಬಂದ ವರ್ಗಾವಣೆ ಎಲ್ಲವೂ ನೆನಪಾದವು. ಹಿಂದೆ ಬಿಟ್ಟುಬಂದ ಈ ಹಾಳೆ ಮಾತ್ರ ಮೂವತ್ತೆರಡು ವರ್ಷ ನೆನಪಾಗಿರಲಿಲ್ಲ.

ಪರದೆಯಲ್ಲಿ ಅರ್ಜಿ ಕಾಯುತ್ತಿತ್ತು: ‘ಹಾನಿಗೆ ಕಾರಣರಾದವರು’. ಒಮ್ಮೆ ಬರೆದರೆ ಈ ಗಡಿಯಾರ ಮತ್ತೆಂದೂ ತಮ್ಮ ಕೈಗೆ ಬಾರದೆಂದು ಅವರಿಗೆ ಗೊತ್ತಿತ್ತು. ಎಸ್ತರ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ನೀಲಾಂಬಿಕಾ ಒಂದೊಂದೇ ಅಕ್ಷರ ಒತ್ತಿದರು:

ಡಾ. ನೀಲಾಂಬಿಕಾ ಹಿರೇಕುಂಬಿ.