ಹೆಸರಿಲ್ಲದ ಆ ಸಣ್ಣ ಭಾಗ

ಅಂಗಡಿಯ ಬಾಗಿಲಲ್ಲಿ ನಿಂತವನನ್ನು ನೋಡಿ ವಿದ್ಯಾವತಿ ಕುರ್ಚಿಯಿಂದ ಎದ್ದೇಬಿಟ್ಟಳು.

ಇವನಾ...?

ಕಂಪ್ಯೂಟರ್ ರಿಪೇರಿಗೆ ಯಾರನ್ನಾದರೂ ಕಳಿಸಿ ಎಂದು ಫೋನ್ ಮಾಡಿದ್ದಳು. ಬಂದವನು ಬಬಲೇಶ್ವರದ ಸಿದ್ದಲಿಂಗೇಶ! ದೀಪಾವಳಿ ಮುಗಿದ ಮೇಲೆ ತಿಕೋಟಾದ ಅವಳ ಮನೆಗೆ ಹೆಣ್ಣು ನೋಡಲು ಬಂದು, ಅವಳು ಕೊಟ್ಟ ಅವಲಕ್ಕಿ ತಿಂದು, ನಗುನಗುತ್ತ ಹೋದವನು. ಆಮೇಲೆ ಹೂಂ ಇಲ್ಲ, ಊಹೂಂ ಇಲ್ಲ.

'ಬೇಡವಾಗಿದ್ದರೆ ಬೇಡ ಎನ್ನಬಾರದಿತ್ತೇ? ನನ್ನಲ್ಲಿ ಏನು ಕಡಿಮೆಯಾಗಿತ್ತು?' ಅಂದಿನಿಂದ ಅವಳನ್ನು ಕೊರೆಯುತ್ತಿದ್ದುದು ಇದೊಂದೇ. ಸಿದ್ಧೇಶ್ವರ ಗುಡಿಯ ಹತ್ತಿರದ ಈ ಅಂಗಡಿಯಲ್ಲಿ ಊರವರ ಲಗ್ನಪತ್ರಿಕೆಗಳನ್ನೆಲ್ಲ ತಯಾರಿಸುವವಳು ಅವಳೇ, ಪಾಪ!

ಸಿಟ್ಟು ತೋರಿಸುವ ಹಾಗೂ ಇರಲಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಆಮೆಯಂತೆ ತೆವಳುತ್ತಿದೆಯೆಂದು, ವಿಡಿಯೊ ನೋಡಿಕೊಂಡು, ಅದರಲ್ಲಿದ್ದುದನ್ನು ತಾನೇ ಎಸ್‌ಎಸ್‌ಡಿ ಎಂಬ ವೇಗದ ಹೊಸ ಡಿಸ್ಕಿಗೆ ಕಾಪಿ ಮಾಡಿದ್ದಳು. ಹೊಸದನ್ನು ಜೋಡಿಸಿ ಚಾಲೂ ಮಾಡಿದರೆ ಕಪ್ಪು ಪರದೆ, ನಾಲ್ಕು ಬಿಳಿ ಅಕ್ಷರ!

ಅವನು ಎರಡೂ ಡಿಸ್ಕುಗಳನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದ.

"ಸಿ ಡ್ರೈವ್ ಅಷ್ಟ ಕಾಪಿ ಮಾಡೀರಿ. ಬಾಜೂಕ ಹೆಸರಿಲ್ಲದ್ದು ಒಂದು ಸಣ್ಣ ಭಾಗ ಇತ್ತಲ್ರಿ, ಅದನ್ನ ಬಿಟ್ಟೀರಿ. ವಿಂಡೋಸ್ ಹೆಂಗ ಚಾಲೂ ಆಗಬೇಕನ್ನೋದು ಅದರಾಗ ಇರತೈತಿ."

ಕೆಲಸಕ್ಕೆ ಬಾರದ್ದು ಅಂದುಕೊಂಡೆ ಎಂದಳು, ಸಣ್ಣ ದನಿಯಲ್ಲಿ.

ಅವನು ಇಡೀ ಡಿಸ್ಕನ್ನು ಮತ್ತೆ ಕಾಪಿಗೆ ಹಚ್ಚಿದ. ಅವಳಿಗೆ ತಡೆಯಲಾಗಲಿಲ್ಲ.

"ಅವತ್ತ ಹೋದಾವ್ರು ಒಂದು ಮಾತ ಹೇಳಿ ಕಳಸಲಿಲ್ಲಲ್ರಿ... ಯಾಕ?"

ಅವನು ಬೆರಗಾಗಿ ನೋಡಿದ. "ಮೊದಲ ಹುಡುಗಿ ಮನಸ ಕೇಳ್ರಿ, ಅಕಿ ಹೂಂ ಅಂದ್ರ ನಂದೂ ಹೂಂ ಅಂತ ಈರಯ್ಯ ಕಾಕಾಗ ಹೇಳಿದ್ದೆ. ಅವತ್ತಿಂದ ನಿಮ್ಮ ಉತ್ತರದ ದಾರಿನ ಕಾಯಾಕತ್ತೇನಿ."

ಸಂಬಂಧ ತಂದಿದ್ದ ಈರಯ್ಯನವರಿಗೆ ಹುಡುಗಿಯನ್ನು ಕೇಳುವುದೆಂದರೇನೆಂದೇ ತಿಳಿದಿರಲಿಲ್ಲ. ಹುಡುಗ ನೆಪ ಹೇಳುತ್ತಿದ್ದಾನೆ ಎಂದುಕೊಂಡು, 'ಇನ್ನೂ ವಿಚಾರ ಮಾಡಾಕತ್ತಾರ' ಎಂದಷ್ಟೇ ತಿಕೋಟಾಕ್ಕೆ ಮುಟ್ಟಿಸಿದ್ದರು. ಹೆಣ್ಣಿನವರು ಮೇಲೆ ಬಿದ್ದು ಕೇಳಬಾರದೆಂದು ಅವಳ ಅಪ್ಪನೂ ಸುಮ್ಮನಾಗಿದ್ದರು. ಹೀಗೆ ಇಬ್ಬರೂ ಕಾದದ್ದೇ ಕಾದದ್ದು!

ಬೇಡವಾಗಿರಲಿಲ್ಲ... ನಾನು ಅವನಿಗೆ ಬೇಡವಾಗಿರಲೇ ಇಲ್ಲ! ಅವಳ ಕಣ್ಣು ತುಂಬಿಕೊಂಡವು.

ಕಾಪಿ ಮುಗಿಯಿತು. ಹಳೆಯ ಡಿಸ್ಕನ್ನು ಬದಿಗಿಟ್ಟು, ಹೊಸದನ್ನಷ್ಟೇ ಅವಳ ಕಂಪ್ಯೂಟರಿಗೆ ಜೋಡಿಸಿ ಅವನು ಗುಂಡಿ ಒತ್ತಿದ. ಪರದೆ ತಟ್ಟನೆ ತೆರೆದುಕೊಂಡಿತು. ಫೈಲುಗಳೆಲ್ಲ ಇದ್ದಲ್ಲೇ ಇದ್ದವು, ಆದರೆ ನೋಡುವವರು ಯಾರು? ಇಬ್ಬರ ಗಮನವೂ ಅಲ್ಲಿರಲಿಲ್ಲ.

"ಈಗ ನಿಮ್ಮನ್ನ ಕೇಳಾಕತ್ತೇನಿ, ವಿದ್ಯಾವತಿ. ನನ್ನ ಲಗ್ನ ಮಾಡ್ಕೋತೀರೇನ್ರಿ?"

ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಐತವಾರ ಮನಿಗಿ ಬರ್ರಿ."

"ಈರಯ್ಯ ಕಾಕಾನ ಕರ್ಕೊಂಡ ಬರ್ಲೇನ್ರಿ?"

"ಬರಲಿ, ಪಾಪ. ಚಹಾ ಕುಡೀಲಿ... ಆದ್ರ ನಮ್ಮಪ್ಪನ ಮುಂದ ಹೂಂ ಅನ್ನೋದು ಮಾತ್ರ ನಾನ."